ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ವೆರ್ನರನ ಜೀವನಚರಿತ್ರೆ

ನಮ್ಮ ನವಲಗುಂದದ ಜಮಖಾನೆಯನ್ನು ಅರಿಯದವರು ಈ ಪ್ರಾಂತದಲ್ಲಿ ವಿರಳ. ಮನೆಯೊಳಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹೆಂಗಸರು ಅದನ್ನು ನೇಯುವರು. ನೂಲು ಎಲ್ಲ ಕಡೆಯಲ್ಲಿಯೂ ಹತ್ತಿಯ ನೂಲೇ, ಬಣ್ಣಗಳೂ ಕೆಲವೇ. ಆದರೆ ಹಾಸಿನ ಎಳೆಗಳ ನಡುವೆ ಹೊಕ್ಕಿನ ಎಳೆಯನ್ನು ಎಲ್ಲಿ ತೂರಿಸಬೇಕು, ಎಲ್ಲಿಂದ ಹಿಂದಿರುಗಿಸಬೇಕು ಎಂಬ ಎಣಿಕೆಯು ತಪ್ಪಿದರೆ ನವಿಲು ನವಿಲಾಗಲಾರದು. ಆದುದರಿಂದ ವಸ್ತುವಿನ ಗುಣವು ಅದರೊಳಗಿನ ದ್ರವ್ಯದಲ್ಲಿ ಮಾತ್ರವಲ್ಲ, ಆ ದ್ರವ್ಯವನ್ನು ಜೋಡಿಸಿದ ಬಗೆಯಲ್ಲಿಯೂ ಇರುತ್ತದೆಂಬುದನ್ನು ಮಗ್ಗದ ಮುಂದಿನ ತಾಯಿಗೆ ಯಾರೂ ಕಲಿಸಬೇಕಾಗಿಲ್ಲ. ಲೋಹಗಳ ವಿಷಯದಲ್ಲಿ ಇದೇ ಸತ್ಯವನ್ನು ಕಂಡುಹಿಡಿದು ಲೋಕಕ್ಕೆ ತೋರಿಸಿಕೊಟ್ಟವನು ಆಲ್ಫ್ರೆಡ್ ವೆರ್ನರನೆಂಬ ಪಂಡಿತನು. ಲೋಹವನ್ನೂ ಇಂಗಾಲದ ಸಂಯುಕ್ತಗಳನ್ನೂ ಬಲೆಯಂತೆ ಹೆಣೆದು, ಬೆಳಕನ್ನು ಬೀರುವ ಸ್ಫಟಿಕಗಳನ್ನು ವಿದ್ವಾಂಸರು ಈಗ ನಿರ್ಮಿಸುತ್ತಿದ್ದಾರೆ. ಆ ವಿದ್ಯೆಯ ಬೇರು ಈತನ ಜೀವಿತದಲ್ಲಿದೆ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಆತನ ಚರಿತ್ರೆಯನ್ನು ಸಂಕ್ಷೇಪವಾಗಿ ಇಡುತ್ತೇನೆ.

ಆಲ್ಫ್ರೆಡ್ ವೆರ್ನರನು 1866ನೆಯ ಇಸವಿಯ ಡಿಸೆಂಬರ್ 12ರಂದು ಅಲ್ಸಾಸ್ ಪ್ರಾಂತದ ಮುಲ್ಹೌಸ್ ಎಂಬ ಪಟ್ಟಣದಲ್ಲಿ ಜನಿಸಿದನು. ಆ ಪಟ್ಟಣವು ಹತ್ತಿಯ ಗಿರಣಿಗಳಿಗೂ ಬಣ್ಣದ ಅಚ್ಚಿನ ಬಟ್ಟೆಗಳಿಗೂ ಹೆಸರಾದುದು. ಅಲ್ಲಿಂದ ಬಾಸೆಲ್ ನಗರಕ್ಕೆ ಹೆಚ್ಚು ಕಡಿಮೆ ನವಲಗುಂದದಿಂದ ಹುಬ್ಬಳ್ಳಿಗಿರುವಷ್ಟೇ ಅಂತರವು. 1837ರಲ್ಲಿ ಧಾರವಾಡಕ್ಕೆ ಮಿಶನರಿಗಳನ್ನು ಕಳುಹಿಸಿದ, 1853ರಲ್ಲಿ ಕಿಟ್ಟೆಲ್ ಪಂಡಿತರನ್ನು ಕನ್ನಡ ನಾಡಿಗೆ ಕೊಟ್ಟ ಬಾಸೆಲ್ ಇದೇ. ವೆರ್ನರನ ತಂದೆಯು ಲೋಹದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದನು. ಮಕ್ಕಳಲ್ಲಿ ಆಲ್ಫ್ರೆಡ್ಡನೇ ಕಡೆಯವನು. ಬಾಲಕನಿಗೆ ಐದು ವರುಷ ತುಂಬುವ ಮೊದಲೇ, 1871ರಲ್ಲಿ, ಯುದ್ಧದಲ್ಲಿ ಸೋತ ಫ್ರಾನ್ಸ್ ದೇಶವು ಅಲ್ಸಾಸವನ್ನು ಜರ್ಮನರಿಗೆ ಒಪ್ಪಿಸಬೇಕಾಯಿತು. ಹೊರಗೆ ಜರ್ಮನರ ಆಳಿಕೆ, ಮನೆಯೊಳಗೆ ಫ್ರೆಂಚ್ ಮಾತು. ಹೀಗೆ ಎರಡು ಭಾಷೆಗಳ ನಡುವೆ ಆತನು ಬೆಳೆದನು. ಸ್ವಭಾವದಲ್ಲಿ ಹಠಮಾರಿ, ಒಪ್ಪದ ಮಾತಿಗೆ ತಲೆಬಾಗುವವನಲ್ಲ. ರಸಾಯನಶಾಸ್ತ್ರದ ಹುಚ್ಚು ಎಳೆಯ ವಯಸ್ಸಿನಲ್ಲಿಯೇ ಹತ್ತಿತು. ಮನೆಯ ಕೊಟ್ಟಿಗೆಯ ಒಂದು ಮೂಲೆಯೇ ಆತನ ಮೊದಲನೆಯ ಪ್ರಯೋಗಶಾಲೆಯಾಯಿತು.

ಊರಿನ ಕೈಗಾರಿಕಾ ಶಾಲೆಯಲ್ಲಿ ಓದು ಮುಗಿಸಿ, ಸೈನ್ಯದಲ್ಲಿ ಕಡ್ಡಾಯದ ಒಂದು ವರುಷದ ಸೇವೆಯನ್ನು ಸಲ್ಲಿಸಿ, 1886ರಲ್ಲಿ ವೆರ್ನರನು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಬಂದು ಅಲ್ಲಿಯ ಪಾಲಿಟೆಕ್ನಿಕ್ ವಿದ್ಯಾಲಯವನ್ನು ಸೇರಿದನು. ನಮ್ಮ ವಿದ್ಯಾರ್ಥಿನಿಯರಿಗೆ ಸಮಾಧಾನವನ್ನು ಕೊಡುವ ಸಂಗತಿಯೊಂದು ಇಲ್ಲಿದೆ. ಈತನು ಗಣಿತದಲ್ಲಿ, ಅದರಲ್ಲಿಯೂ ರೇಖಾಗಣಿತದ ಚಿತ್ರಗಳಲ್ಲಿ, ಹಿಂದೆ ಬಿದ್ದ ವಿದ್ಯಾರ್ಥಿ. ಆದರೂ ಪರಮಾಣುಗಳು ಅವಕಾಶದಲ್ಲಿ ಹೇಗೆ ನಿಂತಿವೆಯೆಂಬುದನ್ನು ಮನಸ್ಸಿನಲ್ಲಿಯೇ ಕಂಡು, ಅವುಗಳಿಗೆ ಆಕಾರವನ್ನು ಕೊಟ್ಟ ಮಹಾಶಿಲ್ಪಿಯು ಮುಂದೆ ಈತನೇ ಆದನು. 1889ರಲ್ಲಿ ಪದವಿಯನ್ನೂ 1890ರಲ್ಲಿ ಡಾಕ್ಟರ್ ಪದವಿಯನ್ನೂ ಪಡೆದನು. ಬಳಿಕ ಪ್ಯಾರಿಸಿಗೆ ಹೋಗಿ ಒಂದು ಚಳಿಗಾಲವನ್ನು ಬೆರ್ತೆಲೋ ಪಂಡಿತನ ಬಳಿಯಲ್ಲಿ ಕಳೆದು, ಜ್ಯೂರಿಕ್ಕಿಗೆ ಹಿಂದಿರುಗಿ ಪಾಠಹೇಳುವ ಕೆಲಸಕ್ಕೆ ತೊಡಗಿದನು.

ಆ ಕಾಲದ ಪಂಡಿತರನ್ನು ಕಾಡುತ್ತಿದ್ದ ಸಮಸ್ಯೆ ಯಾವುದೆಂಬುದನ್ನು ಈಗ ಹೇಳಬೇಕು. ಪ್ರೌಢಶಾಲೆಯಲ್ಲಿ ಕಲಿತವರಿಗೆ ನೆನಪಿರಬಹುದು: ನಮ್ಮ ರೈತರು ಬೆಳೆಯ ರೋಗಕ್ಕೆ ಬಳಸುವ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಅದಕ್ಕೆ ಅಮೋನಿಯ ದ್ರಾವಣವನ್ನು ಹೆಚ್ಚಾಗಿ ಹೊಯ್ದರೆ, ತಿಳಿನೀಲಿಯ ನೀರು ಕಣ್ಣು ಕೋರೈಸುವ ಕಡುನೀಲಿಯಾಗುತ್ತದೆ. ತಾಮ್ರವೂ ತಾನಾಗಿ ಪೂರ್ಣವಾದ ಲವಣದಲ್ಲಿದೆ, ಅಮೋನಿಯವೂ ತಾನಾಗಿ ಪೂರ್ಣವಾದುದು. ಆದರೂ ಇವೆರಡೂ ಒಂದನ್ನೊಂದು ಏಕೆ ಹಿಡಿದುಕೊಳ್ಳುತ್ತವೆ? ಕೋಬಾಲ್ಟ್ ಎಂಬ ಲೋಹದಲ್ಲಿ ಈ ಸಂಗತಿಯು ಇನ್ನೂ ವಿಚಿತ್ರವಾಗಿ ತೋರುತ್ತಿದ್ದಿತು. ಒಂದು ಕೋಬಾಲ್ಟ್, ಮೂರು ಕ್ಲೋರೀನ್. ಇವುಗಳೊಡನೆ ಆರು ಅಮೋನಿಯ ಸೇರಿದರೆ ಹಳದಿಯ ಲವಣ. ಐದು ಸೇರಿದರೆ ಕೆನ್ನೇರಳೆ. ನಾಲ್ಕು ಸೇರಿದರೆ ಹಸುರು. ಹಳದಿಯ ಲವಣದ ದ್ರಾವಣಕ್ಕೆ ಸಿಲ್ವರ್ ನೈಟ್ರೇಟನ್ನು ಹಾಕಿದರೆ ಮೂರು ಕ್ಲೋರೀನುಗಳೂ ಬಿಳಿಯ ಗಸಿಯಾಗಿ ತಳಕ್ಕೆ ಇಳಿಯುತ್ತವೆ; ಕೆನ್ನೇರಳೆಯದರಲ್ಲಿ ಎರಡೇ ಇಳಿಯುತ್ತವೆ; ಹಸುರಿನಲ್ಲಿ ಒಂದೇ. ಉಳಿದ ಕ್ಲೋರೀನುಗಳನ್ನು ಹಿಡಿದಿಟ್ಟವರಾರು? ಅಮೋನಿಯಗಳು ಸರಪಳಿಯಂತೆ ಒಂದರ ಬಾಲಕ್ಕೊಂದು ಜೋತುಬಿದ್ದಿವೆಯೆಂದು ಸ್ವೀಡನ್ನಿನ ಬ್ಲೋಮ್‌ಸ್ಟ್ರಾಂಡ್ ಪಂಡಿತನೂ, ಕೋಪನ್‌ಹೇಗನ್ ನಗರದ ಯೋರ್ಗೆನ್ಸೆನ್ ಪಂಡಿತನೂ ಹೇಳಿದ್ದರು. ಆ ಮಾತನ್ನೇ ಲೋಕವು ನಂಬಿದ್ದಿತು.

1892ರ ಕೊನೆಯ ಭಾಗದ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ, ವೆರ್ನರನು ನಿದ್ರೆಯಿಂದ ಥಟ್ಟನೆ ಎದ್ದನು. ಸಮಸ್ಯೆಯ ಉತ್ತರವು ಆತನ ಮನಸ್ಸಿನಲ್ಲಿ ಮಿಂಚಿದ್ದಿತು. ಕೂಡಲೇ ಬರೆಯುವುದಕ್ಕೆ ಕುಳಿತವನು ಮರುದಿನ ಸಂಜೆ ಐದು ಗಂಟೆಗೆ ಲೇಖನಿಯನ್ನು ಕೆಳಗಿಟ್ಟನು. ಆಗ ಆತನಿಗೆ ಇಪ್ಪತ್ತಾರು ವರುಷ. ಆ ಬರಹವು 1893ರಲ್ಲಿ ಪ್ರಕಟವಾಯಿತು. ಮಂಗಳೂರಿನಲ್ಲಿ ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು ಹೊರಬಿದ್ದುದು ಅದರ ಮರುವರ್ಷವೇ.

ವೆರ್ನರನ ಸಿದ್ಧಾಂತದ ಸಾರವಿಷ್ಟು. ಲೋಹಕ್ಕೆ ಎರಡು ಬಗೆಯ ಹಿಡಿತಗಳಿವೆ. ಮೊದಲನೆಯದರಿಂದ ಅದು ತನ್ನ ವಿದ್ಯುತ್ತಿನ ಸಾಲವನ್ನು ತೀರಿಸಿಕೊಳ್ಳುತ್ತದೆ. ಎರಡನೆಯದರಿಂದ ತನ್ನ ಸುತ್ತಲೂ ಗೊತ್ತಾದ ಸಂಖ್ಯೆಯ ನೆರೆಹೊರೆಯನ್ನು, ಗೊತ್ತಾದ ದಿಕ್ಕುಗಳಲ್ಲಿ, ನಿಲ್ಲಿಸಿಕೊಳ್ಳುತ್ತದೆ. ಕೋಬಾಲ್ಟಿಗೆ ಆ ನೆರೆಯವರ ಸಂಖ್ಯೆ ಆರು: ಮುಂದೊಂದು, ಹಿಂದೊಂದು, ಎಡಕ್ಕೊಂದು, ಬಲಕ್ಕೊಂದು, ಮೇಲೊಂದು, ಕೆಳಗೊಂದು. ಈ ಆರು ತುದಿಗಳನ್ನು ಗೆರೆಗಳಿಂದ ಸೇರಿಸಿದರೆ ಎಂಟು ಮುಖಗಳ ಆಕೃತಿಯಾಗುವುದರಿಂದ ಅದಕ್ಕೆ ಅಷ್ಟಮುಖಿ ಎಂಬ ಹೆಸರು. ಐದೇ ಅಮೋನಿಯಗಳಿದ್ದಾಗ ಆರನೆಯ ಸ್ಥಾನದಲ್ಲಿ ಒಂದು ಕ್ಲೋರೀನು ಬಂದು ನಿಲ್ಲುತ್ತದೆ. ಲೋಹಕ್ಕೆ ನೇರವಾಗಿ ಅಂಟಿಕೊಂಡುದರಿಂದ ಅದು ಬೆಳ್ಳಿಯ ಕರೆಗೆ ಓಗೊಡುವುದಿಲ್ಲ. ಹೀಗೆ ಬಣ್ಣಬಣ್ಣದ ಲವಣಗಳ ಒಗಟೆಲ್ಲವೂ ಒಂದೇ ಆಕೃತಿಯಲ್ಲಿ ಬಿಡಿಸಿಹೋಯಿತು. ಇಂಥ ಸಂಯುಕ್ತಗಳಿಗೆ ಸಮನ್ವಯ ಸಂಯುಕ್ತಗಳೆಂದೂ ಕೋಆರ್ಡಿನೇಷನ್ ಸಂಯುಕ್ತಗಳೆಂದೂ ಹೆಸರಾಯಿತು.

ಮಿಂಚಿದ ಮಾತ್ರಕ್ಕೆ ಸತ್ಯವಾಗಲಿಲ್ಲ. ವೆರ್ನರನ ಮಹತ್ವವಿರುವುದು ಆ ಒಂದು ರಾತ್ರಿಯಲ್ಲಿ ಅಲ್ಲ, ಅದರ ಮುಂದಿನ ಹದಿನೆಂಟು ವರುಷಗಳಲ್ಲಿ. 1893ರಲ್ಲಿಯೇ ಜ್ಯೂರಿಕ್ ವಿಶ್ವವಿದ್ಯಾಲಯವು ಆತನನ್ನು ಅಧ್ಯಾಪಕನನ್ನಾಗಿ ಕರೆಯಿತು. 1895ರಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿಯು ಲಭಿಸಿತು. ಈ ನಡುವೆ, 1894ರಲ್ಲಿ, ಎಮ್ಮಾ ಎಂಬ ಕನ್ಯೆಯನ್ನು ವರಿಸಿದನು. ಒಬ್ಬ ಮಗನೂ ಒಬ್ಬ ಮಗಳೂ ಜನಿಸಿದರು. ಸಂಸಾರವು ನೆಮ್ಮದಿಯದು, ಆದರೆ ಪ್ರಯೋಗಶಾಲೆಯು ಮಾತ್ರ ನೆಲಮಾಳಿಗೆಯ ಕತ್ತಲೆಯ ಕೋಣೆಗಳಲ್ಲಿದ್ದಿತು. ಹಗಲಿನಲ್ಲಿಯೂ ದೀಪವು ಬೇಕಾಗುವ ಆ ಕೋಣೆಗಳನ್ನು ವಿದ್ಯಾರ್ಥಿಗಳು ಪುರಾತನ ರೋಮಿನ ಸಮಾಧಿಗುಹೆಗಳಿಗೆ ಹೋಲಿಸಿ ನಗುತ್ತಿದ್ದರು. 1909ರಲ್ಲಿ ಹೊಸ ಕಟ್ಟಡವಾಗುವ ತನಕ ಅಲ್ಲಿಯೇ ಕೆಲಸವು ನಡೆಯಿತು. ತನ್ನ ಕೈಕೆಳಗೆ 200ಕ್ಕೂ ಹೆಚ್ಚು ಮಂದಿಯನ್ನು ಡಾಕ್ಟರ್ ಪದವಿಗೆ ಸಿದ್ಧಪಡಿಸಿದ ಗುರುವು ಆತನು.

ಮೊದಲನೆಯ ಪರೀಕ್ಷೆಯು ಎಣಿಕೆಯದು. ಆರು ಸ್ಥಾನಗಳಲ್ಲಿ ನಾಲ್ಕು ಅಮೋನಿಯ, ಎರಡು ಕ್ಲೋರೀನ್ ನಿಲ್ಲಬೇಕಾದರೆ, ಅಷ್ಟಮುಖಿಯಲ್ಲಿ ಎರಡೇ ಬಗೆಗಳು ಸಾಧ್ಯ: ಕ್ಲೋರೀನುಗಳು ಅಕ್ಕಪಕ್ಕದಲ್ಲಿರಬೇಕು, ಇಲ್ಲವೆ ಎದುರುಬದುರಾಗಿರಬೇಕು. ಸ್ಥಾನಗಳು ಷಟ್ಕೋನದಂತೆ ಚಪ್ಪಟೆಯಾಗಿದ್ದರೆ ಮೂರು ಬಗೆಗಳಾಗುತ್ತಿದ್ದವು. ಹಸುರಿನ ಲವಣವು ಎದುರುಬದುರಿನದು. ಅಕ್ಕಪಕ್ಕದ್ದು ಎಲ್ಲಿದೆಯೆಂದು ಯೋರ್ಗೆನ್ಸೆನ್ನನು ಕೇಳುತ್ತಲೇ ಬಂದನು. ಆ ಪ್ರಶ್ನೆಯು ನ್ಯಾಯವಾದುದೇ. 1907ರಲ್ಲಿ ವೆರ್ನರನು ನೇರಳೆಬಣ್ಣದ ಆ ಎರಡನೆಯ ಲವಣವನ್ನು ತಯಾರಿಸಿ ತೋರಿಸಿದನು. ಆಗ ಆ ವೃದ್ಧ ಪಂಡಿತನು ತಾನು ಜೀವಮಾನವೆಲ್ಲ ಸಾಧಿಸಿದ ಪಕ್ಷವನ್ನು ಬಿಟ್ಟು, ಎದುರಾಳಿಯ ಪಕ್ಷವೇ ಸರಿಯೆಂದು ಒಪ್ಪಿಕೊಂಡನು. ಗೆದ್ದವನನ್ನು ಹೊಗಳುವಾಗ ಹೀಗೆ ಸೋತವನನ್ನೂ ಸ್ಮರಿಸುವುದು ಧರ್ಮ. ಯೋರ್ಗೆನ್ಸೆನ್ನನು ಪ್ರಾಮಾಣಿಕವಾಗಿ ತಯಾರಿಸಿ ವರ್ಣಿಸಿದ ಲವಣಗಳಿಲ್ಲದಿದ್ದರೆ ವೆರ್ನರನ ಸಿದ್ಧಾಂತಕ್ಕೆ ಅಡಿಪಾಯವೇ ಇರುತ್ತಿರಲಿಲ್ಲ.

ಎರಡನೆಯ ಪರೀಕ್ಷೆಯು ಇನ್ನೂ ಕಠಿಣವಾದುದು. ನಮ್ಮ ಎಡಗೈಯೂ ಬಲಗೈಯೂ ಒಂದರ ಕನ್ನಡಿಯ ಬಿಂಬದಂತೆ ಇನ್ನೊಂದು ಇರುತ್ತವೆ. ಆದರೂ ಎಡಗಾಲಿನ ಜೋಡು ಬಲಗಾಲಿಗೆ ಹೊಂದದು. ಅಷ್ಟಮುಖಿಯು ನಿಜವಾದರೆ ಕೆಲವು ಕೋಬಾಲ್ಟ್ ಸಂಯುಕ್ತಗಳಲ್ಲಿಯೂ ಇಂಥ ಎಡದ ರೂಪ, ಬಲದ ರೂಪಗಳು ಇರಲೇಬೇಕು. ಒಂದು ರೂಪವು ತನ್ನ ಮೂಲಕ ಹಾಯುವ ವಿಶೇಷ ಬೆಳಕಿನ ಪಾತಳಿಯನ್ನು ಎಡಕ್ಕೆ ತಿರುಗಿಸಿದರೆ, ಇನ್ನೊಂದು ಬಲಕ್ಕೆ ತಿರುಗಿಸಬೇಕು. ಇವುಗಳನ್ನು ಬೇರ್ಪಡಿಸುವುದಕ್ಕಾಗಿ ವಿಕ್ಟರ್ ಕಿಂಗ್ ಎಂಬ ಅಮೇರಿಕದ ಶಿಷ್ಯನು ಸುಮಾರು 2000 ಸಲ ಲವಣವನ್ನು ಕರಗಿಸಿ ಮರಳಿ ಸ್ಫಟಿಕವಾಗಿಸಿದನೆಂದು ಪ್ರಸಿದ್ಧಿಯಿದೆ. 1911ರಲ್ಲಿ ಆ ಕೆಲಸವು ಸಿದ್ಧಿಸಿತು. 1913ರಲ್ಲಿ ವೆರ್ನರನಿಗೆ ರಸಾಯನಶಾಸ್ತ್ರದ ನೋಬೆಲ್ ಬಹುಮಾನವು ಸಂದಿತು.

ಇಲ್ಲಿ ಒಬ್ಬ ತರುಣಿಯ ವೃತ್ತಾಂತವನ್ನು ಹೇಳದೆ ಮುಂದೆ ಹೋಗಲಾಗದು. ಹೆಣ್ಣುಮಕ್ಕಳಿಗೆ ಪದವಿಯನ್ನು ಕೊಡುವುದರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯವು ಯೂರೋಪಿನಲ್ಲಿ ಮುಂದಾಳಾಗಿದ್ದಿತು. 1867ರಷ್ಟು ಹಿಂದೆಯೇ ರಶಿಯದ ನಾದೆಜ್ದಾ ಸುಸ್ಲೋವಾ ಎಂಬ ಸ್ತ್ರೀಯು ಅಲ್ಲಿ ವೈದ್ಯಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಟ್ಟುದು 1948ರಲ್ಲಿ. ಆದುದರಿಂದ ದೇಶದೇಶಗಳ ಕನ್ಯೆಯರು ವೆರ್ನರನ ಪ್ರಯೋಗಶಾಲೆಗೆ ಬಂದರು. ಅವರಲ್ಲಿ ಲಂಡನ್ನಿನ ಎಡಿತ್ ಹಂಫ್ರಿ ಎಂಬಾಕೆಯು ಆತನ ಮೊದಲನೆಯ ಸ್ತ್ರೀಸಹಾಯಕಳಾಗಿದ್ದು, 1901ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದಳು. ಕತ್ತಲೆಯ ಆ ನೆಲಮಾಳಿಗೆಯಲ್ಲಿ ಈಕೆಯು ತಯಾರಿಸಿದ ಕೋಬಾಲ್ಟ್ ಸಂಯುಕ್ತಗಳಲ್ಲೊಂದು ಎಡಬಲ ರೂಪಗಳುಳ್ಳದ್ದು. ಆಕೆಯ ಸ್ಫಟಿಕಗಳನ್ನು ಸೀಸೆಯಲ್ಲಿ ತುಂಬಿ ಬೀರುವಿನಲ್ಲಿಟ್ಟರು. 1991ರಲ್ಲಿ ಲಂಡನ್ನಿನ ರಾಯಲ್ ಸೊಸಾಯಟಿ ಆಫ್ ಕೆಮಿಸ್ಟ್ರಿಯ 150ನೆಯ ವರ್ಧಂತಿಗೆ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಆ ಸ್ಫಟಿಕಗಳ ಒಂದು ಪೆಟ್ಟಿಗೆಯನ್ನು ಕಾಣಿಕೆಯಾಗಿ ಕಳುಹಿಸಿದರು. ಅವುಗಳಲ್ಲಿ ಒಂದನ್ನು ಕರಗಿಸಿ ಪರೀಕ್ಷಿಸಿದಾಗ, ಒಂದೇ ಕೈಯ ರೂಪವು ಅದರಲ್ಲಿ ಮೇಲುಗೈಯಾಗಿರುವುದರ ಗುರುತು ಕಂಡಿತು. ಆ ಕಾಲದಲ್ಲಿಯೇ ನೋಡಿದ್ದರೆ ವೆರ್ನರನಿಗೆ ಬೇಕಾದ ಪ್ರಮಾಣವು ಹತ್ತು ವರುಷ ಮೊದಲೇ ದೊರೆಯುತ್ತಿದ್ದಿತೆಂದು ಕೆಲವು ವಿದ್ವಾಂಸರು ಹೇಳುವರು. ಅಂದಿನ ಸಾಧನಗಳಿಂದ ಅದು ಅಷ್ಟು ಸುಲಭವಾಗಿರಲಿಲ್ಲವೆಂಬುದು ಬೇರೆಯವರ ಮತ. ಆ ಚರ್ಚೆಯು ಏನೇ ಇರಲಿ, ಗುರುವಿನ ಮಹಾಪ್ರಶ್ನೆಗೆ ಸಂಬಂಧಪಟ್ಟ ಸಾಕ್ಷ್ಯವು ಒಬ್ಬ ಹೆಣ್ಣುಮಗಳ ಕೈಕೆಲಸದಲ್ಲಿ ಸುಮಾರು ತೊಂಬತ್ತು ವರುಷ ಮುಚ್ಚಿಕೊಂಡಿದ್ದಿತೆಂಬುದು ನಿಜ.

ಎಡಿತ್ ಹಂಫ್ರಿಯು ಸ್ವದೇಶಕ್ಕೆ ಮರಳಿದ ಮೇಲೆ ಗೋಡೆಗೆ ಅಂಟಿಸುವ ಚಿತ್ರದ ಕಾಗದಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ರಸಾಯನಜ್ಞೆಯಾಗಿ ದುಡಿದಳು. 1904ರಲ್ಲಿ, ಲಂಡನ್ನಿನ ರಸಾಯನ ಸಂಘದಲ್ಲಿ ಸ್ತ್ರೀಯರಿಗೂ ಸ್ಥಾನವಿರಬೇಕೆಂದು 19 ಮಂದಿ ವಿದುಷಿಯರು ಸಲ್ಲಿಸಿದ ವಿಜ್ಞಾಪನೆಗೆ ಆಕೆಯೂ ರುಜು ಹಾಕಿದ್ದಳು. ಆ ವಿಜ್ಞಾಪನೆಯು ಈಡೇರಿದುದು 1920ರಲ್ಲಿ. ಆಕೆಯು 1978ರಲ್ಲಿ, 102 ವರುಷಗಳ ತುಂಬು ಬಾಳನ್ನು ಬಾಳಿ ತೀರಿಕೊಂಡಳು.

ವೆರ್ನರನ ಕೊನೆಯ ದಿನಗಳು ದುಃಖಕರವಾದವು. ಹಗಲಿರುಳು ದುಡಿಮೆ, ದಣಿವನ್ನು ಮರೆಯುವುದಕ್ಕೆ ಹೊಗೆ, ಮದ್ಯ. ಈ ಎರಡನೆಯ ದುರಭ್ಯಾಸವು ಆತನ ಶರೀರವನ್ನು ಒಳಗೊಳಗೇ ತಿಂದಿತು. ಮಹಾಪುರುಷರ ಚರಿತ್ರೆಯಲ್ಲಿ ಇಂಥ ಸಂಗತಿಯನ್ನು ಮರೆಮಾಚುವುದು ಓದುವ ಮಕ್ಕಳಿಗೆ ಉಪಕಾರವಲ್ಲ. ರಕ್ತನಾಳಗಳು ಗಡುಸಾಗಿ, ಆ ರೋಗವು ಮೆದುಳಿಗೂ ಏರಿತು. ನಿರರ್ಗಳವಾಗಿ ಪಾಠಹೇಳುತ್ತಿದ್ದ ಗುರುವು ಉಪನ್ಯಾಸಗಳನ್ನು ಬಿಡಬೇಕಾಯಿತು. 1919ರ ಅಕ್ಟೋಬರದಲ್ಲಿ ಪದವಿಯನ್ನು ತ್ಯಜಿಸಿ, ನವೆಂಬರ್ 15ರಂದು ಜ್ಯೂರಿಕ್ಕಿನಲ್ಲಿ ತನ್ನ 52ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದನು. ಆತನು ಜೀವಮಾನವೆಲ್ಲ ಸಾಧಿಸಿದ ಅಷ್ಟಮುಖಿಯನ್ನು ಕಣ್ಣಾರೆ ಕಂಡವರು ಆಗ ಯಾರೂ ಇರಲಿಲ್ಲ. 1921ರಲ್ಲಿ ಅಮೇರಿಕದ ವಿದ್ವಾಂಸರಿಬ್ಬರು ಪ್ಲಾಟಿನಮ್ಮಿನ ಒಂದು ಲವಣದ ಮೇಲೆ ಕ್ಷಕಿರಣಗಳನ್ನು ಹಾಯಿಸಿ ನೋಡಿದಾಗ, ಲೋಹದ ಸುತ್ತಲೂ ಆರು ಕ್ಲೋರೀನುಗಳು ವೆರ್ನರನು ಹೇಳಿದಂತೆಯೇ ನಿಂತಿದ್ದವು. ಎರಡು ವರುಷಗಳ ಅಂತರದಲ್ಲಿ ಆ ದರ್ಶನವು ಆತನಿಗೆ ತಪ್ಪಿತು.

ಇನ್ನು ಆತನ ವಿದ್ಯೆಯಿಂದ ಬೆಳೆದ ಹೊಸ ವೃಕ್ಷವನ್ನು ನೋಡೋಣ. ಅಮೋನಿಯಕ್ಕೆ ಲೋಹವನ್ನು ಹಿಡಿಯುವ ಕೈ ಒಂದೇ. ಎರಡು ಕಡೆಯಲ್ಲಿಯೂ ಕೈಗಳುಳ್ಳ ಇಂಗಾಲದ ಅಣುವನ್ನು ಕೊಟ್ಟರೆ, ಅದು ಒಂದು ಕೈಯಿಂದ ಒಂದು ಲೋಹವನ್ನೂ ಇನ್ನೊಂದರಿಂದ ಮತ್ತೊಂದನ್ನೂ ಹಿಡಿಯುತ್ತದೆ. ಹೀಗೆ ಕೊನೆಯಿಲ್ಲದೆ ಬೆಳೆದ ರಚನೆಗೆ ಕೋಆರ್ಡಿನೇಷನ್ ಪಾಲಿಮರ್ ಎಂದು ಹೆಸರು. ನೂಲಿನ ಜಾಳಿಗೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು: ಗಂಟಿನ ಸ್ಥಾನದಲ್ಲಿ ಲೋಹ, ಎಳೆಯ ಸ್ಥಾನದಲ್ಲಿ ಇಂಗಾಲದ ಅಣು, ನಡುವೆ ಬಿಡುವು. ಈ ಬಿಡುವುಗಳು ಎಷ್ಟೆಂದರೆ, ಕೆಲವು ಸ್ಫಟಿಕಗಳ ಒಂದೇ ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸಿದರೆ ಕಾಲ್ಚೆಂಡಿನ ಮೈದಾನದಷ್ಟಾಗುವುದು. ಮೆಲ್ಬೋರ್ನಿನ ರಿಚರ್ಡ್ ರಾಬ್ಸನ್ನರು 1974ರಲ್ಲಿ ಪಾಠಕ್ಕಾಗಿ ಮರದ ಗುಂಡುಗಳ ಮಾದರಿಗಳನ್ನು ಮಾಡಿಸುತ್ತಿದ್ದಾಗ ಇಂಥ ರಚನೆಯ ವಿಚಾರವು ಅವರಿಗೆ ಹೊಳೆಯಿತು. ಪಾಠೋಪಕರಣವನ್ನು ಶ್ರದ್ಧೆಯಿಂದ ಸಿದ್ಧಪಡಿಸುವ ಶಿಕ್ಷಕಿಯರು ಇದನ್ನು ಓದಿ ಹಿಗ್ಗಬಹುದು. 2025ರಲ್ಲಿ ರಾಬ್ಸನ್ನರಿಗೂ, ಜಪಾನಿನ ಸುಸುಮು ಕಿತಗಾವರಿಗೂ, ಅಮೇರಿಕದ ಓಮರ್ ಯಾಘಿಯವರಿಗೂ ಈ ವಿದ್ಯೆಗಾಗಿ ನೋಬೆಲ್ ಬಹುಮಾನವು ದೊರೆಯಿತು.

ಇವುಗಳಲ್ಲಿ ಕೆಲವು ಬೆಳಕನ್ನು ಬೀರುತ್ತವೆ. ತಯಾರಿಸುವ ರೀತಿಯು ಹೀಗಿದೆ. ಲೋಹದ ಲವಣವನ್ನೂ, ಟೆರೆಫ್ತಾಲಿಕ್ ಆಮ್ಲದಂಥ ಎರಡು ಕೈಗಳ ಆಮ್ಲವನ್ನೂ ನೀರಿನಲ್ಲಾಗಲಿ ಬೇರೆ ದ್ರವದಲ್ಲಾಗಲಿ ಬೆರೆಸಿ, ಟೆಫ್ಲಾನಿನ ಒಳಹೊದಿಕೆಯುಳ್ಳ ಉಕ್ಕಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ, 100ರಿಂದ 200 ಡಿಗ್ರಿಗಳ ಶಾಖದಲ್ಲಿ ಒಂದೆರಡು ದಿನ ಇಡುವರು. ಬಳಿಕ ಮೆಲ್ಲಮೆಲ್ಲನೆ ಆರಿಸುವರು. ಅವಸರಪಟ್ಟರೆ ಬರಿಯ ಪುಡಿ, ತಾಳ್ಮೆಯಿಂದಿದ್ದರೆ ಸ್ಫಟಿಕ. ಆ ಸ್ಫಟಿಕದ ಮೇಲೆ ಕ್ಷಕಿರಣವನ್ನು ಹಾಯಿಸಿ ರಚನೆಯನ್ನು ಅರಿಯುವರು. ಯೂರೋಪಿಯಮ್ ಎಂಬ ಲೋಹವಿದ್ದರೆ ಕೆಂಪು ಬೆಳಕು, ಟೆರ್ಬಿಯಮ್ ಇದ್ದರೆ ಹಸುರು. ಈ ಲೋಹಗಳು ತಾವಾಗಿ ಬೆಳಕನ್ನು ಹೀರುವುದರಲ್ಲಿ ಬಲು ಬಡವು. ಸುತ್ತಲಿನ ಇಂಗಾಲದ ಅಣುವು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ಲೋಹಕ್ಕೆ ದಾಟಿಸುತ್ತದೆ. ಲೋಹವು ಅದನ್ನು ತನ್ನ ಬಣ್ಣದಲ್ಲಿ ಹೊರಚೆಲ್ಲುತ್ತದೆ. ಯೂರೋಪಿಯಮ್ಮಿನ ಸಂಯುಕ್ತಗಳಲ್ಲಿ ಇದನ್ನು 1942ರಲ್ಲಿ ಅಮೇರಿಕದ ವೈಸ್‌ಮನ್ನನು ಕಂಡುಹಿಡಿದನು. ನೆರೆಯವರ ಸ್ಥಾನದಲ್ಲಿ ನೀರಿನ ಅಣುವು ಬಂದು ಕುಳಿತರೆ, ಅದು ಆ ಶಕ್ತಿಯನ್ನು ತನ್ನ ಕಂಪನದಲ್ಲಿಯೇ ವ್ಯಯಮಾಡಿ ಬೆಳಕನ್ನು ಕುಗ್ಗಿಸುತ್ತದೆ. ಲೋಹದ ಸುತ್ತಲೂ ಯಾರು ನಿಂತಿದ್ದಾರೆಂಬ ವೆರ್ನರನ ಪ್ರಶ್ನೆಯೇ, ದೀಪವು ಉರಿಯುವುದೋ ಮಂಕಾಗುವುದೋ ಎಂಬ ಪ್ರಶ್ನೆಯೂ ಆಯಿತು. ಸ್ಫೋಟಕದ ಆವಿಯಾಗಲಿ, ನೀರಿನಲ್ಲಿ ಬೆರೆತ ವಿಷಲೋಹವಾಗಲಿ ಒಳಹೊಕ್ಕಾಗ ಕೆಲವು ಸ್ಫಟಿಕಗಳ ಬೆಳಕು ಬದಲಾಗುವುದರಿಂದ, ಅವುಗಳನ್ನು ಕಾವಲುಗಾರರಂತೆ ಬಳಸುವ ಪ್ರಯತ್ನಗಳು ನಡೆದಿವೆ. ಇವೆಲ್ಲವೂ ದೂರದೇಶದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲಿಯೂ ಇಂಥ ಸ್ಫಟಿಕಗಳನ್ನು ತಯಾರಿಸುತ್ತಿದ್ದಾರೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಲೋಹಸಂಯುಕ್ತಗಳ ಅಧ್ಯಯನವು ದಶಕಗಳಿಂದ ನಡೆದುಬಂದಿದೆ.

ಪ್ರಿಯ ಪಾಲಕರೇ, ಈ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಬಹಳವಾಗಿ ನಾಟಿದ ಸಂಗತಿಯು ನೋಬೆಲ್ ಬಹುಮಾನವಲ್ಲ, ಬೀರುವಿನೊಳಗಿನ ಆ ಸೀಸೆ. ಎರಡು ಸಾವಿರ ಸಲ ಪ್ರಯತ್ನಿಸುವ ತಾಳ್ಮೆಯುಳ್ಳ ಗುರುವಿನ ಶಾಲೆಯಲ್ಲಿಯೂ ಅದು ಮುಚ್ಚಿದಂತೆಯೇ ಉಳಿಯಿತು. ನಮ್ಮ ತಾಲೂಕಿನ ಎಷ್ಟೋ ಮನೆಗಳಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಹೆಣ್ಣುಮಗಳ ವಿಜ್ಞಾನದ ವಹಿಯು ಹೀಗೆಯೇ ಪೆಟ್ಟಿಗೆಯನ್ನು ಸೇರುತ್ತದೆ. ಊರಿನಿಂದ ಕಾಲೇಜು ದೂರ, ಬಸ್ಸಿನ ತೊಂದರೆ, ಮನೆಯ ಕೆಲಸ, ಮದುವೆಯ ಚಿಂತೆ. ಈ ಕಾರಣಗಳು ಸುಳ್ಳಲ್ಲವೆಂಬುದನ್ನು ನಾನು ಬಲ್ಲೆನು. ಆದರೂ ಪೆಟ್ಟಿಗೆಯ ಮುಚ್ಚಳವನ್ನು ಹಾಕುವ ಮೊದಲು ಒಂದು ಸಲ ಆ ವಹಿಯನ್ನು ಬೆಳಕಿಗೆ ಹಿಡಿದು ನೋಡಿರಿ. ನಿಮಗೆ ತಿಳಿಯದಿದ್ದರೆ ಶಿಕ್ಷಕಿಯರನ್ನು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಈಗ ತಾಯಂದಿರಾದವರು ಅನೇಕರಿದ್ದೀರಿ. ನಿಮ್ಮ ಮಗಳು ತಯಾರಿಸಿದುದನ್ನು ಮೊದಲು ನೋಡುವ ಕಣ್ಣು ನಿಮ್ಮದಾಗಲಿ.